ಒಳಗಿನ ಕೊಯ್ತ ಮೊದಲು, ಹೊರಗಿನದು ಕೊನೆಗೆ: ಸ್ಕ್ರೋಲ್ ಸಾದಲ್ಲಿ ಪುಟ್ಟ ಮರದ ಡಬ್ಬಿ

ಪ್ರಶ್ನೆ: ಒಂದು ವರ್ಷದಿಂದ ಸ್ಕ್ರೋಲ್ ಸಾ (ಸಣ್ಣ ಬ್ಲೇಡು ಮೇಲೆ ಕೆಳಗೆ ಓಡುವ ಗರಗಸ ಯಂತ್ರ) ಬಳಸುತ್ತಿದ್ದೇನೆ. ಕೀ ಚೈನು, ಹೆಸರಿನ ಫಲಕ, ಮಕ್ಕಳ ಪಜಲ್ ಇವೆಲ್ಲ ಚೆನ್ನಾಗಿಯೇ ಬರುತ್ತವೆ. ಈಗ ಅಂಗೈಯಲ್ಲಿ ಹಿಡಿಸುವಂಥ ಒಂದು ಮೊಟ್ಟೆಯಾಕಾರದ ಡಬ್ಬಿ, ಮುಚ್ಚಳದ ಮೇಲೆ ಬಳ್ಳಿ ಎಲೆಗಳ ಜಾಲರಿ ಇರುವಂಥದ್ದು, ಮಾಡಲು ಹೋಗಿ ಎರಡು ಸಲ ಸೋತಿದ್ದೇನೆ. ಒಳಗೋಡೆ ಓರೆಯಾಗುತ್ತದೆ, ಅಲ್ಲಲ್ಲಿ ಸುಟ್ಟ ಕಲೆ. ಮುಚ್ಚಳ ಒಂದು ಕಡೆ ಕಚ್ಚಿಕೊಳ್ಳುತ್ತದೆ, ಇನ್ನೊಂದು ಕಡೆ ಸಡಿಲ. ಎರಡನೆಯ ಸಲವಂತೂ ಜಾಲರಿಯ ಎಲೆಯೊಂದು ಮುರಿದೇ ಹೋಯಿತು. ಯಾವ ಮರ, ಯಾವ ಬ್ಲೇಡು? ಯಾವುದನ್ನು ಮೊದಲು ಕೊಯ್ಯಬೇಕು? ಹಿಂಜ್ ಹಾಕಿದರೆ ಮುಚ್ಚಳದ ತೊಂದರೆ ತಪ್ಪುತ್ತದೆಯೇ?

ಉತ್ತರ: ಕೀ ಚೈನು, ಪಜಲ್ ಚೆನ್ನಾಗಿ ಬರುತ್ತಿವೆ ಅಂದರೆ ನಿಮ್ಮ ಕೈಯಲ್ಲಿ ದೋಷವಿಲ್ಲ. ನೀವು ಎಲ್ಲ ಭಾಗಗಳನ್ನೂ ನಕ್ಷೆಯ ಪ್ರಕಾರ ಬೇರೆಬೇರೆಯಾಗಿ ಕೊಯ್ದು, ಆಮೇಲೆ ಒಂದಕ್ಕೊಂದು ಕೂಡಿಸಲು ನೋಡಿದ್ದೀರಿ ಎಂದು ನನ್ನ ಊಹೆ. ಚಪ್ಪಟೆ ಕೆಲಸಕ್ಕೆ ಆ ಕ್ರಮ ನಡೆಯುತ್ತದೆ, ಡಬ್ಬಿಗೆ ನಡೆಯುವುದಿಲ್ಲ. ಗೋಡೆಯಲ್ಲಿ ಅರ್ಧ ಮಿ.ಮೀ. ಆಚೆ, ಮುಚ್ಚಳದಲ್ಲಿ ಅರ್ಧ ಮಿ.ಮೀ. ಈಚೆ ಹೋದರೆ ಎರಡೂ ಸೇರಿ ಒಂದು ಮಿ.ಮೀ. ಆಯಿತು, ಒಂದು ಕಡೆ ಕಚ್ಚುವುದಕ್ಕೂ ಇನ್ನೊಂದು ಕಡೆ ಅಲುಗಾಡುವುದಕ್ಕೂ ಅಷ್ಟೇ ಸಾಕು. ಡಬ್ಬಿಯಲ್ಲಿ ನಕ್ಷೆಯಿಂದ ಕೊಯ್ಯಬೇಕಾದದ್ದು ಒಳಗಿನ ಗೆರೆ ಮಾತ್ರ. ಮುಚ್ಚಳದ ಅಳತೆಯನ್ನು ಆ ಕೊಯ್ದ ಡಬ್ಬಿಯಿಂದಲೇ ತೆಗೆದುಕೊಳ್ಳಬೇಕು. ಹೊರಗಿನ ಆಕಾರವನ್ನು ತಳ, ಗೋಡೆ, ಮುಚ್ಚಳ ಮೂರೂ ಸೇರಿದ ಮೇಲೆ, ಎಲ್ಲಕ್ಕಿಂತ ಕೊನೆಗೆ, ಒಂದೇ ಸಲಕ್ಕೆ ಕೊಯ್ಯಬೇಕು. ನಾನು ಮುಂದೆ ಬರೆಯುವುದೆಲ್ಲ ಈ ಕ್ರಮದ ವಿವರ.

ಮೊದಲು ಅಳತೆ. ಉದ್ದ 110 ಮಿ.ಮೀ., ಅಗಲ 75 ಮಿ.ಮೀ. ಇಟ್ಟುಕೊಳ್ಳಿ. ಗೋಡೆಗೆ 25 ಮಿ.ಮೀ. ದಪ್ಪದ ಒಂದೇ ಹಲಗೆ, ತಳಕ್ಕೆ 5, ಮುಚ್ಚಳಕ್ಕೆ 4, ಅದರ ಮೇಲೆ ಕೂರುವ ಜಾಲರಿಗೆ 3, ಮುಚ್ಚಳದ ಅಡಿಗೆ ಅಂಟಿಸುವ ಒಳಬಿಲ್ಲೆಗೆ 5 ಮಿ.ಮೀ. ಬಿಲ್ಲೆ ಗೋಡೆಯ ಒಳಗೆ ಇಳಿಯುವುದರಿಂದ ಒಟ್ಟು ಎತ್ತರ 37 ಮಿ.ಮೀ. ಆಗುತ್ತದೆ. ಅಂಗೈ ಡಬ್ಬಿಗೆ ಇದು ಹದವಾದ ಎತ್ತರ. ಇನ್ನೂ ಆಳ ಬೇಕೆಂದು 40 ಮಿ.ಮೀ. ಗೋಡೆಗೆ ಕೈಹಾಕುವವರು ಬಹಳ ಮಂದಿ, ಮೊದಲ ಡಬ್ಬಿಗೆ ಅದು ಬೇಡವೇ ಬೇಡ. ಹೆಚ್ಚಿನ ಸ್ಕ್ರೋಲ್ ಸಾಗಳು 50 ಮಿ.ಮೀ. ದಪ್ಪದವರೆಗೆ ಕೊಯ್ಯುತ್ತವೆ ಎಂದು ಪುಸ್ತಿಕೆಯಲ್ಲಿ ಇರುತ್ತದೆ ನಿಜ. ಬ್ಲೇಡು ಒಂದೆರಡು ಸೆಂ.ಮೀ. ಮಾತ್ರ ಮೇಲೆ ಕೆಳಗೆ ಓಡಾಡುವುದರಿಂದ ದಪ್ಪ ಮರದಲ್ಲಿ ಹಲ್ಲಿನ ಸಂದಿಯ ಪುಡಿ ಹೊರಗೆ ಬೀಳುವುದಿಲ್ಲ. ಪುಡಿ ಒಳಗೇ ತಿರುಗಿ ಬಿಸಿಯಾಗುತ್ತದೆ, ಬಿಸಿ ಮರವನ್ನು ಸುಡುತ್ತದೆ. ಹೊರಗೆರೆ ಕೊಯ್ಯುವಾಗ ಈ ಕಷ್ಟವನ್ನು ಒಂದು ಸಲ ಎದುರಿಸಲೇಬೇಕು, ಆದರೆ ಅಲ್ಲಿ ಆದ ಕಲೆಯನ್ನು ಸುಲಭವಾಗಿ ಉಜ್ಜಿ ತೆಗೆಯಬಹುದು. ಒಳಗೋಡೆಯಲ್ಲಿ ಆ ಅನುಕೂಲ ಇಲ್ಲ.

ಮರ ಯಾವುದು ಎಂದರೆ, ನುಣ್ಣನೆಯ ಎಳೆ (ಮರದೊಳಗಿನ ನಾರಿನ ಸಾಲು) ಇರುವ, ಚೆನ್ನಾಗಿ ಒಣಗಿದ, ಗಂಟಿಲ್ಲದ ಯಾವುದಾದರೂ ಸರಿ. ವಾಲ್‌ನಟ್, ಮಹಾಗನಿ ಕೊಯ್ಯಲು ಹಿತ. ಮೇಪಲ್, ಚೆರ್ರಿ ಬೇಗ ಸುಡುತ್ತವೆ. ತೇಗ ನೋಡಲು ಚೆಂದವಿದ್ದರೂ ಅದರಲ್ಲಿ ಸಿಲಿಕಾ ಇರುವುದರಿಂದ ಬ್ಲೇಡಿನ ಹಲ್ಲು ಬೇಗ ಮೊಂಡಾಗುತ್ತದೆ. ಎಣ್ಣೆಯಂಶವೂ ಇರುವುದರಿಂದ ಅಂಟು ಹಚ್ಚುವ ಮೊದಲು ಆ ಜಾಗವನ್ನು ಅಸಿಟೋನ್‌ನಲ್ಲಿ ಒರೆಸಬೇಕು. ಬೀಟೆಯ ಪುಡಿ ಕೆಲವರ ಚರ್ಮಕ್ಕೂ ಉಸಿರಿಗೂ ಆಗುವುದಿಲ್ಲ. ಬೀಟೆ ಒಂದೇ ಅಲ್ಲ, ಯಾವ ಮರದ ಪುಡಿಯನ್ನೂ ಹಗುರವಾಗಿ ನೋಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1995ರಲ್ಲಿಯೇ ಮರದ ಪುಡಿಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲನೇ ಗುಂಪಿಗೆ ಸೇರಿಸಿದೆ. ಮಾಸ್ಕ್, ಕನ್ನಡಕ ಎರಡನ್ನೂ ಹಾಕಿಕೊಂಡೇ ಸ್ವಿಚ್ ಒತ್ತಿ. ಸ್ಯಾಂಡ್‌ಪೇಪರ್ ಉಜ್ಜುವಾಗ ಕೊಯ್ಯುವಾಗಿನದಕ್ಕಿಂತಲೂ ನುಣುಪಾದ ಪುಡಿ ಏಳುತ್ತದೆ, ಆಗಲೂ ಮಾಸ್ಕ್ ತೆಗೆಯಬೇಡಿ.

ಮರದ ಎಳೆಯ ವಿಷಯದಲ್ಲಿ ನನಗೆ ಹಟ ಇದೆ. ಗೋಡೆ, ತಳ, ಮುಚ್ಚಳ, ಒಳಬಿಲ್ಲೆ, ಜಾಲರಿ ಇವೆಲ್ಲದರ ಎಳೆಯೂ ಡಬ್ಬಿಯ ಉದ್ದಕ್ಕೇ ಓಡಬೇಕು. ಮರ ಎಳೆಯ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕೆ ಬಾರದಷ್ಟು ಕಡಿಮೆ, ಅಡ್ಡಕ್ಕೆ ಮಾತ್ರ ತೇವ ಕುಡಿದು ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. 75 ಮಿ.ಮೀ. ಅಗಲದಲ್ಲಿ ಶೇ 1ರಷ್ಟು ಹಿಗ್ಗಿದರೂ ಮುಕ್ಕಾಲು ಮಿ.ಮೀ. ಆಗುತ್ತದೆ. ಎಲ್ಲ ಭಾಗಗಳ ಎಳೆ ಒಂದೇ ದಿಕ್ಕಿಗಿದ್ದರೆ ಎಲ್ಲವೂ ಜೊತೆಜೊತೆಯಾಗಿ ಹಿಗ್ಗಿ ಜೊತೆಯಾಗಿ ಕುಗ್ಗುತ್ತವೆ, ಮುಚ್ಚಳಕ್ಕೆ ಏನೂ ಗೊತ್ತಾಗುವುದಿಲ್ಲ. ಒಳಬಿಲ್ಲೆಯ ಎಳೆ ಅಡ್ಡ ತಿರುಗಿದ್ದರೆ ಬೇಸಿಗೆಯಲ್ಲಿ ಸರಾಗವಾಗಿ ಇಳಿಯುತ್ತಿದ್ದ ಮುಚ್ಚಳ ಮಳೆಗಾಲದಲ್ಲಿ ಹೊರಗೇ ಬಾರದು.

ಇನ್ನು ಬ್ಲೇಡು. ಗೋಡೆಯ ಒಳಗೆರೆಗೆ 7ನೇ ನಂಬರು (ನಂಬರು ಏರಿದಷ್ಟೂ ಬ್ಲೇಡು ದೊಡ್ಡದು), ಕೊನೆಯ ಹೊರಗೆರೆಗೆ 9, ಜಾಲರಿಗೆ 2 ಅಥವಾ 3. ಮೂರಕ್ಕೂ ತುದಿಯಲ್ಲಿ ಪಿನ್ ಇಲ್ಲದ ಬ್ಲೇಡೇ ಆಗಬೇಕು. ಪಿನ್ ಇರುವ ಬ್ಲೇಡು ತೂರಬೇಕಾದರೆ ಸುಮಾರು 5 ಮಿ.ಮೀ. ತೂತು ಕೊರೆಯಬೇಕಾಗುತ್ತದೆ, ಎಲೆಯ ನರಗಳ ನಡುವೆ ಅಷ್ಟು ಜಾಗ ಎಲ್ಲಿ ಸಿಗಬೇಕು? ದಪ್ಪ ಮರಕ್ಕೆ ಹಲ್ಲು ಬಿಟ್ಟುಬಿಟ್ಟು ಇರುವ ಸ್ಕಿಪ್ ಟೂತ್ ಬ್ಲೇಡು ಒಳ್ಳೆಯದು, ಸಂದಿಯಲ್ಲಿ ಪುಡಿಗೆ ಜಾಗ ಸಿಗುತ್ತದೆ. ಜಾಲರಿಗೆ ಕೆಳತುದಿಯ ಕೆಲವು ಹಲ್ಲು ಮೇಲ್ಮುಖವಾಗಿರುವ ರಿವರ್ಸ್ ಟೂತ್ ತೆಗೆದುಕೊಳ್ಳಿ, ಅಡಿಭಾಗದ ಅಂಚು ಸಿಬಿರು ಏಳದೆ ಶುಚಿಯಾಗಿ ಬರುತ್ತದೆ. ಗಟ್ಟಿ ಮರದಲ್ಲಿ ಅರ್ಧ ಗಂಟೆ ಓಡಿದ ಬ್ಲೇಡನ್ನು ನಾನು ಮುಂದಿನ ಕೊಯ್ತಕ್ಕೆ ಇಟ್ಟುಕೊಳ್ಳುವುದಿಲ್ಲ. ಬ್ಲೇಡು ಉಳಿಸಲು ಹೋಗಿ ಮರ ಕಳೆದುಕೊಂಡವರನ್ನು ಕಂಡಿದ್ದೇನೆ.

ಈಗ ನಿಮ್ಮ ಓರೆ ಗೋಡೆಯ ವಿಷಯಕ್ಕೆ ಬರೋಣ. ಇದಕ್ಕೆ ಕಾರಣ ಮೂರರಲ್ಲಿ ಒಂದು, ಅಥವಾ ಮೂರೂ. ಒಂದು, ಟೇಬಲ್ ಬ್ಲೇಡಿಗೆ ನೇರ 90 ಡಿಗ್ರಿಯಲ್ಲಿಲ್ಲ. ಟೇಬಲ್ಲಿನ ಅಡಿಯಲ್ಲಿರುವ ಡಿಗ್ರಿ ಪಟ್ಟಿಯನ್ನು ನಂಬಬೇಡಿ. 40 ಮಿ.ಮೀ.ನಷ್ಟು ದಪ್ಪದ ಒಂದು ರದ್ದಿ ತುಂಡು ತೆಗೆದುಕೊಂಡು ಅದರ ಅಂಚಿನಲ್ಲಿ 2 ಮಿ.ಮೀ. ಆಳದ ಗಾಯ ಮಾಡಿ. ಯಂತ್ರ ನಿಲ್ಲಿಸಿ. ತುಂಡನ್ನು ಬ್ಲೇಡಿನ ಹಿಂಭಾಗಕ್ಕೆ ತಂದು, ಆ ಗಾಯವನ್ನು ಬ್ಲೇಡಿನ ಬೆನ್ನಿಗೆ ಎದುರಾಗಿ ಹಿಡಿದು ಮೆಲ್ಲಗೆ ಜಾರಿಸಿ. ಬ್ಲೇಡು ಮೇಲಿಂದ ಕೆಳಗಿನವರೆಗೆ ಗಾಯದೊಳಗೆ ಸಲೀಸಾಗಿ ಹೊಕ್ಕರೆ ಟೇಬಲ್ ಸರಿಯಿದೆ. ಮೇಲೆ ಹೊಕ್ಕು ಕೆಳಗೆ ತಡೆದರೆ ಸರಿಯಿಲ್ಲ. ತುಂಡು ತಿರುಗಿದಾಗ ತಪ್ಪು ಎರಡು ಪಟ್ಟಾಗಿ ಕಾಣುವುದರಿಂದ ಮೂಲೆಮಟ್ಟಕ್ಕೆ ಸಿಗದ ಓರೆಯೂ ಇಲ್ಲಿ ಸಿಕ್ಕಿಬೀಳುತ್ತದೆ.

ಎರಡು, ಬ್ಲೇಡು ಸಡಿಲ. ಬಿಗಿ ಮಾಡಿ ಬೆರಳಿನಿಂದ ಮೀಟಿ ನೋಡಿ. ತಂತಿ ಮೀಟಿದ ಹಾಗೆ ಸ್ಪಷ್ಟವಾದ ಎತ್ತರದ ಸ್ವರ ಬರಬೇಕು. ದಡ್ ಎಂದು ಮಂಕಾಗಿ ನುಡಿದರೆ ಇನ್ನೊಂದು ಸುತ್ತು ಬಿಗಿ ಬೇಕು. ಸಡಿಲ ಬ್ಲೇಡು ದಪ್ಪ ಮರದ ನಡುವೆ ಬಿಲ್ಲಿನಂತೆ ಬಾಗುತ್ತದೆ, ಮೇಲೆ ಗೆರೆ ಸರಿಯಾಗಿಯೇ ಕಾಣುತ್ತಿದ್ದರೂ ಒಳಗೆ ಗೋಡೆ ಉಬ್ಬಿರುತ್ತದೆ.

ಮೂರನೆಯದು ಒತ್ತುವುದು. ಹೊಸದಾಗಿ ದಪ್ಪ ಮರಕ್ಕೆ ಬಂದವರೆಲ್ಲ ಮಾಡುವುದು ಇದನ್ನೇ. 6 ಮಿ.ಮೀ. ಹಲಗೆಯಲ್ಲಿ ಕೈ ಎಷ್ಟು ವೇಗವಾಗಿ ಸಾಗುತ್ತಿತ್ತೋ ಅಷ್ಟೇ ವೇಗವನ್ನು 25 ಮಿ.ಮೀ.ನಲ್ಲಿಯೂ ಕೇಳುತ್ತದೆ. ಬ್ಲೇಡು ಹಿಂದಕ್ಕೆ ಬಾಗುತ್ತದೆ, ತಿರುವಿನಲ್ಲಿ ಪಕ್ಕಕ್ಕೂ ಬಾಗುತ್ತದೆ. ಮರವನ್ನು ಬ್ಲೇಡಿಗೆ ಒತ್ತಬೇಡಿ, ಬ್ಲೇಡು ಕೊಯ್ದುಕೊಂಡಷ್ಟೇ ಕೊಡುತ್ತಾ ಹೋಗಿ. ನನ್ನ ಒಂದು ಅಭ್ಯಾಸ ಹೇಳುತ್ತೇನೆ. ತಿರುವಿನ ಮಧ್ಯೆ ಆಗಾಗ ಎರಡೂ ಕೈಯ ಒತ್ತಡವನ್ನು ಪೂರ್ತಿ ಬಿಟ್ಟು, ಮರವನ್ನು ಟೇಬಲ್ಲಿಗೆ ಹಗುರಾಗಿ ಹಿಡಿದುಕೊಂಡು ಎರಡು ಕ್ಷಣ ಸುಮ್ಮನಿರುತ್ತೇನೆ. ಬಾಗಿದ್ದ ಬ್ಲೇಡು ನೆಟ್ಟಗಾಗಿ ತನ್ನ ಜಾಗಕ್ಕೆ ಬರುತ್ತದೆ. ಆಗ ಸದ್ದು ಬದಲಾಗುತ್ತದೆ, ಗೊರಗೊರ ಹೋಗಿ ಸರ್ ಎಂಬ ಒಂದೇ ಸಮದ ಸದ್ದು. ಆ ಸದ್ದು ಕೇಳಿದ ಮೇಲೆ ಮುಂದುವರಿಯುತ್ತೇನೆ.

ಬ್ಲೇಡು ಗೆರೆ ಬಿಟ್ಟು ಒಂದೇ ಕಡೆಗೆ ಎಳೆಯುತ್ತದೆ ಎಂಬ ಅನುಭವ ನಿಮಗೂ ಆಗಿರಬಹುದು. ಅದು ಯಂತ್ರದ ದೋಷವಲ್ಲ. ಬ್ಲೇಡಿನ ಹಲ್ಲು ಮಾಡುವಾಗ ಒಂದು ಮಗ್ಗುಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಒರಟು ಉಳಿದಿರುತ್ತದೆ, ಆ ಮಗ್ಗುಲು ಹೆಚ್ಚು ಕೊಯ್ಯುತ್ತದೆ. ಮರವನ್ನು ನೇರವಾಗಿ ಕೊಡದೆ ಸ್ವಲ್ಪ ಕೋನದಲ್ಲಿ ಕೊಟ್ಟರೆ ಗೆರೆಗೆ ಸರಿಹೋಗುತ್ತದೆ. ಎಷ್ಟು ಕೋನ ಎಂಬುದನ್ನು ಪ್ರತಿ ಹೊಸ ಬ್ಲೇಡಿನಲ್ಲೂ ರದ್ದಿ ತುಂಡಿನ ಮೇಲೆ ಒಂದು ನೇರ ಗೆರೆ ಕೊಯ್ದು ಗೊತ್ತುಮಾಡಿಕೊಳ್ಳಿ.

ಸುಟ್ಟ ಕಲೆಗೆ ಮದ್ದು ಬಹಳ ಸರಳ. ನಕ್ಷೆ ಅಂಟಿಸುವ ಮೊದಲು ಮರದ ಮೇಲೆ ಮಾಸ್ಕಿಂಗ್ ಟೇಪ್ ಹಾಸಿ, ಅದರ ಮೇಲೆ ನಕ್ಷೆ, ನಕ್ಷೆಯ ಮೇಲೆ ಪಾರ್ಸೆಲ್ ಕಟ್ಟುವ ಪಾರದರ್ಶಕ ಪ್ಯಾಕಿಂಗ್ ಟೇಪ್. ಆ ಟೇಪು ಬ್ಲೇಡಿಗೆ ಜಾರುವಿಕೆ ಕೊಡುತ್ತದೆ, ಸುಡುವುದು ಎದ್ದು ಕಾಣುವಷ್ಟು ಕಡಿಮೆಯಾಗುತ್ತದೆ. ಅಡಿಯ ಮಾಸ್ಕಿಂಗ್ ಟೇಪಿನಿಂದಾಗಿ ಕೊನೆಯಲ್ಲಿ ನಕ್ಷೆ ಒಂದೇ ಎಳೆತಕ್ಕೆ ಬರುತ್ತದೆ, ಮರದ ಮೇಲೆ ಗೋಂದು ಉಳಿಯುವುದಿಲ್ಲ. ಇಷ್ಟಾದರೂ ಸುಟ್ಟರೆ ವೇಗ ತಗ್ಗಿಸಿ, ಇಲ್ಲವೇ ಬ್ಲೇಡು ಬದಲಿಸಿ. ತಿರುವಿನಲ್ಲಿ ಕೈ ನಿಂತು ಬ್ಲೇಡು ಮಾತ್ರ ಓಡುತ್ತಿದ್ದರೂ ಕಪ್ಪು ಬೀಳುತ್ತದೆ. ನಿಲ್ಲಬೇಕೆನಿಸಿದರೆ ನಡುತುಂಡಿನ ಕಡೆಗೆ ಒಂದು ಕೂದಲೆಳೆಯಷ್ಟು ಸರಿದು ನಿಲ್ಲಿ, ಕಲೆ ಬಿದ್ದರೂ ಬಿಸಾಡುವ ತುಂಡಿಗೇ ಬೀಳುತ್ತದೆ.

ಈಗ ಕೊಯ್ಯೋಣ. ಎಲ್ಲ ಹಲಗೆಗಳನ್ನೂ ನಕ್ಷೆಗಿಂತ ಸುತ್ತಲೂ 10 ಮಿ.ಮೀ. ಹೆಚ್ಚಿಟ್ಟು, 130ಕ್ಕೆ 95 ಮಿ.ಮೀ. ಆಯತಗಳನ್ನಾಗಿ ಮಾಡಿಕೊಳ್ಳಿ. 25 ಮಿ.ಮೀ. ಹಲಗೆಯ ಮೇಲೆ ನಕ್ಷೆ ಅಂಟಿಸಿ. ನಕ್ಷೆಯಲ್ಲಿ ಎರಡು ಮೊಟ್ಟೆಗೆರೆ, ನಡುವೆ 7 ಮಿ.ಮೀ. ಅಂತರ. ಅದಕ್ಕಿಂತ ತೆಳುವಾದ ಗೋಡೆ ಡಬ್ಬಿಯ ಎರಡು ತುದಿಗಳಲ್ಲಿ ಅಪಾಯ. ಅಲ್ಲಿ ಎಳೆ ಗೋಡೆಗೆ ಅಡ್ಡಬೀಳುವುದರಿಂದ ನಾರಿನ ಉದ್ದ ಬರೀ ಗೋಡೆಯ ದಪ್ಪದಷ್ಟೇ ಇರುತ್ತದೆ, ಹೆಬ್ಬೆರಳಿನಿಂದ ಒತ್ತಿದರೂ ಸೀಳಬಹುದು. ಒಳಗೆರೆಯಿಂದ ಒಂದೆರಡು ಮಿ.ಮೀ. ಒಳಗೆ, ಬಿಸಾಡುವ ಭಾಗದಲ್ಲಿ, 3 ಮಿ.ಮೀ. ತೂತು ಕೊರೆಯಿರಿ. ತೂತು ನೇರವಾಗಿ ಇಳಿದಿರಲಿ. ಬ್ಲೇಡು ತೂರಿಸಿ, ಬಿಗಿಮಾಡಿ, ಒಳಗೆರೆ ಕೊಯ್ಯಿರಿ. ಹೊರಗೆರೆಯನ್ನು ಈಗ ಮುಟ್ಟಬೇಡಿ. ಸುತ್ತಲಿನ ಆ ಹೆಚ್ಚುವರಿ ಮರ ಗೋಡೆಗೆ ಕಾವಲು, ಕೈಗೆ ಹಿಡಿ, ಅಂಟಿಸುವಾಗ ಬಿಗಿಹಿಡಿಯುವ ಕ್ಲಾಂಪಿಗೆ ನೆಲೆ.

ಕೊಯ್ದಾದ ಮೇಲೆ ನಡುತುಂಡನ್ನು ಹೊರಗೆ ತೆಗೆಯುವಾಗ ಒಂದು ಪರೀಕ್ಷೆ ಇದೆ. ಅದನ್ನು ಮೇಲಕ್ಕೂ ತಳ್ಳಿ ನೋಡಿ, ಕೆಳಕ್ಕೂ ತಳ್ಳಿ ನೋಡಿ. ಎರಡೂ ಕಡೆಯಿಂದ ಸಲೀಸಾಗಿ ಹೊರಬಂದರೆ ಗೋಡೆ ನೆಟ್ಟಗಿದೆ. ಮೇಲಕ್ಕೆ ಮಾತ್ರ ಬಂದು ಕೆಳಕ್ಕೆ ಕಚ್ಚಿಕೊಂಡರೆ ಗುಂಡಿ ಮೇಲೆ ಅಗಲ, ಕೆಳಗೆ ಕಿರಿದು. ಸ್ವಲ್ಪವೇ ಓರೆ ಇದ್ದರೆ ಅಗಲವಾದ ಬಾಯನ್ನು ಮುಚ್ಚಳದ ಕಡೆಗೆ ಇಟ್ಟುಕೊಳ್ಳಿ, ಒಳಬಿಲ್ಲೆ ಇಳಿಯುವುದಕ್ಕೆ ಅದು ಅನುಕೂಲವೇ. ಹೆಚ್ಚು ಓರೆಯಿದ್ದರೆ ಇಲ್ಲಿಯೇ ನಿಲ್ಲಿಸಿ ಇನ್ನೊಂದು ಹಲಗೆ ತೆಗೆದುಕೊಳ್ಳಿ. ಇಲ್ಲಿಯವರೆಗೆ ಹೋದದ್ದು ಒಂದು ತುಂಡು ಮರ ಮತ್ತು ಇಪ್ಪತ್ತು ನಿಮಿಷ ಮಾತ್ರ.

ಮುಂದಿನ ಹೆಜ್ಜೆಯನ್ನು ಬಹಳ ಮಂದಿ ಹಾರಿಸುತ್ತಾರೆ. ತಳ ಅಂಟಿಸುವ ಮೊದಲೇ ಒಳಗೋಡೆಯನ್ನು ಪೂರ್ತಿ ನುಣ್ಣಗೆ ಮಾಡಿ ಮುಗಿಸಿ. ದಪ್ಪನೆಯ ದುಂಡು ಕೋಲಿಗೆ ಸ್ಯಾಂಡ್‌ಪೇಪರ್ ಸುತ್ತಿ 120, 180, 220ನೇ ನಂಬರು, ಹೀಗೆ ಒರಟಿನಿಂದ ನುಣುಪಿಗೆ ಮೂರು ಸಲ. ಎರಡೂ ಕಡೆ ತೆರೆದಿರುವಾಗ ಕೋಲು ಮೇಲಿಂದ ಕೆಳಕ್ಕೆ ಆರಾಮವಾಗಿ ಓಡಾಡುತ್ತದೆ. ನಾನು ಕಲಿಯುವ ಕಾಲದಲ್ಲಿ ಒಂದು ಡಬ್ಬಿಗೆ ಅವಸರದಲ್ಲಿ ತಳ ಅಂಟಿಸಿಬಿಟ್ಟಿದ್ದೆ. ತಳದ ಮೂಲೆಯಲ್ಲಿ ಬೆರಳ ತುದಿಯಿಂದ ಉಜ್ಜುತ್ತಾ ಒಂದು ಸಂಜೆಯೇ ಕಳೆಯಿತು, ಆದರೂ ತಳದಿಂದ 3 ಮಿ.ಮೀ. ಎತ್ತರದವರೆಗೆ ಬ್ಲೇಡಿನ ಗೀರುಗಳು ಉಳಿದೇ ಉಳಿದವು. ಆ ಡಬ್ಬಿ ಈಗಲೂ ನನ್ನ ಕೆಲಸದ ಮೇಜಿನ ಮೇಲಿದೆ, ಸ್ಕ್ರೂ ಹಾಕಿಡುತ್ತೇನೆ. ಮುಚ್ಚಳ ತೆಗೆದಾಗಲೆಲ್ಲ ಆ ಗೀರುಗಳೇ ಮೊದಲು ಕಣ್ಣಿಗೆ ಬೀಳುತ್ತವೆ.

ಒಳಗೋಡೆ ನುಣ್ಣಗಾಯಿತು, ತಳ ಇನ್ನೂ ಅಂಟಿಸಿಲ್ಲ. ಒಳಬಿಲ್ಲೆಯ ಅಳತೆ ತೆಗೆಯಬೇಕಾದ ಹೊತ್ತು ಇದೇ, ತಳ ಕೂತ ಮೇಲೆ ಒಳಗಿನಿಂದ ಗೆರೆ ಎಳೆಯಲು ಆಗುವುದಿಲ್ಲ. ಗೋಡೆಯ ಹಲಗೆಯನ್ನು, ಮುಚ್ಚಳ ಬರುವ ಮುಖ ಕೆಳಗಾಗಿ, 5 ಮಿ.ಮೀ. ಹಲಗೆಯ ಮೇಲಿಟ್ಟು, ಎಳೆಯ ದಿಕ್ಕು ಒಂದೇ ಇದೆಯೇ ನೋಡಿ, ಚೂಪಾದ ಪೆನ್ಸಿಲಿನಿಂದ ಗುಂಡಿಯ ಅಂಚಿನ ಗುಂಟ ಗೆರೆ ಎಳೆಯಿರಿ. ಪೆನ್ಸಿಲು ಗೋಡೆಗೆ ತಾಗಿಕೊಂಡೇ ಓಡಬೇಕು. ಮೇಲಿನಿಂದ ನೋಡಿದರೆ ಮೊಟ್ಟೆಯ ಎರಡು ತುದಿಯೂ ಒಂದೇ ಥರ ಕಂಡರೂ ಕೈಯಲ್ಲಿ ಕೊಯ್ದ ಗೆರೆ ಯಾವತ್ತೂ ಎರಡು ಕಡೆ ಒಂದೇ ಇರುವುದಿಲ್ಲ. ಆದ್ದರಿಂದ ಗೋಡೆಯ ಮೇಲೊಂದು, ಬಿಲ್ಲೆಯ ಮೇಲೊಂದು ಬಾಣದ ಗುರುತು ಹಾಕಿ. ಇಲ್ಲಿ ಇನ್ನೊಂದು ಎಚ್ಚರ: ನೀವು ಗೆರೆ ಎಳೆದ ಮುಖವೇ ಮುಂದೆ ಡಬ್ಬಿಯೊಳಗೆ ಮೇಲಾಗಿ ಕೂತರೆ ಆಕಾರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗುತ್ತದೆ. ಗೆರೆ ಎಳೆಯುವಾಗ ಗೋಡೆಯ ಬಾಯಿ ಕೆಳಗಿತ್ತಲ್ಲ, ಹಾಗಾಗಿ ಗೆರೆಯಿರುವ ಮುಖ ಗೋಡೆಯೊಳಗೆ ತಳದ ಕಡೆ ನೋಡುವಂತೆ ಇಟ್ಟರೆ ಮಾತ್ರ ಸರಿಹೊಂದುತ್ತದೆಯೋ, ಮುಚ್ಚಳದ ಕಡೆ ನೋಡುವಂತೆ ಇಟ್ಟರೆ ಹೊಂದುತ್ತದೆಯೋ ಎಂದು ತಲೆಯಲ್ಲಿ ಲೆಕ್ಕ ಹಾಕುತ್ತಾ ಕೂರಬೇಡಿ. ಗೆರೆ ಎಳೆದ ಕೂಡಲೇ, ಗೋಡೆ ಇನ್ನೂ ಹಲಗೆಯ ಮೇಲೇ ಇರುವಾಗ, ಗುಂಡಿಯೊಳಗೆ ಕಾಣುವ ಬಿಲ್ಲೆಯ ಮುಖದ ಮೇಲೆ ‘ತಳದ ಕಡೆ’ ಎಂದು ಬರೆದುಬಿಡಿ. ಆಗ ನಿಮ್ಮ ಕಣ್ಣು ತಳದ ಕಡೆಯಿಂದಲೇ ನೋಡುತ್ತಿರುತ್ತದೆ, ಆ ಬರಹ ಸುಳ್ಳಾಗುವುದಿಲ್ಲ.

ಬಿಲ್ಲೆಯನ್ನು ಗೆರೆ ಉಳಿಯುವ ಹಾಗೆ, ಅದರ ಹೊರಮಗ್ಗುಲಲ್ಲಿ ಕೊಯ್ಯಿರಿ. ಆಮೇಲೆ ಉಜ್ಜುತ್ತಾ, ಇಳಿಸಿ ನೋಡುತ್ತಾ, ಮತ್ತೆ ಉಜ್ಜುತ್ತಾ ಹೋಗಿ. ಎಲ್ಲಿ ಕಚ್ಚುತ್ತದೆ ಎಂದು ತಿಳಿಯಲು ಬಿಲ್ಲೆಯ ಅಂಚಿಗೆ ಮೆದು ಪೆನ್ಸಿಲು ಬಳಿದು ಗುಂಡಿಗೆ ಒತ್ತಿ ತೆಗೆಯಿರಿ. ತಾಗಿದ ಕಡೆ ಸೀಸ ಮಿರುಗುತ್ತದೆ, ಅಲ್ಲಿ ಮಾತ್ರ ಉಜ್ಜಿ. ಸುತ್ತಲೂ ಮೂರು ನಾಲ್ಕು ಬರೆಯುವ ಹಾಳೆಗಳಷ್ಟು ಸಂದಿ ಇದ್ದರೆ ಹದ. ಮುಂದೆ ಬಣ್ಣ ಪಾಲಿಶ್ ಕೂಡ ಸ್ವಲ್ಪ ಜಾಗ ತಿನ್ನುತ್ತದೆ. ನಿಮ್ಮ ಮುಚ್ಚಳದ ತೊಂದರೆಗೆ ಉತ್ತರವೆಲ್ಲ ಈ ಅರ್ಧ ಗಂಟೆಯಲ್ಲಿದೆ, ಇಲ್ಲಿ ಅವಸರ ಬೇಡ.

ಈಗ ತಳ. ಬಿಳಿ ಅಥವಾ ಹಳದಿ ಮರದ ಅಂಟನ್ನು ಗೋಡೆಯ ಅಂಚಿಗೆ ತೆಳುವಾಗಿ ಹಚ್ಚಿ, ಒಳ ಅಂಚಿನಿಂದ 2 ಮಿ.ಮೀ. ಬಿಟ್ಟು. ಕ್ಲಾಂಪ್ ಬಿಗಿಯುವಾಗ ತಳ ಜಾರುತ್ತದೆ. ಅಂಟಿನ ಮೇಲೆ ನಾಲ್ಕಾರು ಹರಳು ಪುಡಿ ಉಪ್ಪು ಉದುರಿಸಿದರೆ ಅದು ಮರಕ್ಕೆ ಕಚ್ಚಿಕೊಂಡು ಜಾರಲು ಬಿಡುವುದಿಲ್ಲ. ಒಳಗೆ ಹೊರಬಂದ ಅಂಟನ್ನು ಹಸಿಯಿರುವಾಗ ಒರೆಸಿದರೆ ಮರದ ರಂಧ್ರಕ್ಕೆ ಇಳಿದು ಪಾಲಿಶ್ ಹಿಡಿಯದ ಕಲೆಯಾಗುತ್ತದೆ. ಅರ್ಧ ಗಂಟೆ ಬಿಟ್ಟು, ರಬ್ಬರಿನ ಹದಕ್ಕೆ ಬಂದಾಗ, ಚೂಪಾದ ಉಳಿಯ ತುದಿಯಿಂದ ಎಬ್ಬಿಸಿದರೆ ದಾರದಂತೆ ಕಿತ್ತು ಬರುತ್ತದೆ. ಪೂರ್ತಿ ಗಟ್ಟಿಯಾಗಲು ಒಂದು ದಿನ ಬಿಡಿ.

ಆ ಒಂದು ದಿನ ಜಾಲರಿಗೆ. ಎಲೆ ಮುರಿದದ್ದಕ್ಕೆ ಕಾರಣ ಜಾಲರಿಯನ್ನೇ ಮುಚ್ಚಳವನ್ನಾಗಿ ಮಾಡಿದ್ದು ಎಂದು ನನಗನ್ನಿಸುತ್ತದೆ. ಜಾಲರಿಯ ಕೆಳಗೆ ಗಟ್ಟಿ ಮುಚ್ಚಳ ಇರಲಿ, ಬೇರೆ ಬಣ್ಣದ ಮರವಾದರೆ ಇನ್ನೂ ಚೆಂದ. ಕಡುಕಂದು ಎಲೆಗಳ ನಡುವೆ ತಿಳಿ ಮರ ಇಣುಕುವ ನೋಟಕ್ಕೆ ಬೇರೆ ಅಲಂಕಾರ ಬೇಕಿಲ್ಲ. 3 ಮಿ.ಮೀ. ಹಲಗೆಯನ್ನು ಒಂಟಿಯಾಗಿ ಕೊಯ್ದರೆ ಬ್ಲೇಡು ಬೆಣ್ಣೆ ಕೊಯ್ದ ಹಾಗೆ ಓಡಿ ಗೆರೆ ತಪ್ಪುತ್ತದೆ. ಅದರ ಅಡಿಗೆ ಒಂದು ರದ್ದಿ ಪ್ಲೈವುಡ್ ತುಂಡನ್ನು ಅಂಚಿನಲ್ಲಿ ಟೇಪು ಸುತ್ತಿ ಸೇರಿಸಿಕೊಳ್ಳಿ. ಕೈಗೆ ತಡೆ ಸಿಗುತ್ತದೆ, ಎಲೆಯ ಅಡಿಭಾಗ ಸೀಳುವುದಿಲ್ಲ. ರದ್ದಿಯ ಬದಲು ಇನ್ನೊಂದು ಒಳ್ಳೆಯ ಹಲಗೆಯನ್ನೇ ಇಟ್ಟರೆ ಒಂದೇ ಸಲಕ್ಕೆ ಎರಡು ಜಾಲರಿ. ಹೀಗೆ ಒಂದರ ಮೇಲೊಂದಿಟ್ಟು ಕೊಯ್ಯುವ ಜಾಣ್ಮೆ ಹೊಸದಲ್ಲ. ಫ್ರಾನ್ಸಿನಲ್ಲಿ 14ನೇ ಲೂಯಿಯ ಆಸ್ಥಾನಕ್ಕೆ ಪೀಠೋಪಕರಣ ಮಾಡುತ್ತಿದ್ದ ಆಂದ್ರೆ ಶಾರ್ಲ್ ಬೂಲ್ (1642–1732) ಹಿತ್ತಾಳೆಯ ತಗಡನ್ನೂ ಆಮೆಚಿಪ್ಪನ್ನೂ ಜೋಡಿಸಿ ಒಟ್ಟಿಗೆ ಕೊಯ್ಯುತ್ತಿದ್ದ. ಒಂದರ ಖಾಲಿ ಜಾಗಕ್ಕೆ ಇನ್ನೊಂದರ ತುಂಡು ಕೂತು, ಒಂದೇ ಕೊಯ್ತದಿಂದ ಒಂದಕ್ಕೊಂದು ವಿರುದ್ಧ ಬಣ್ಣದ ಎರಡು ಚಿತ್ರಗಳು ಸಿಗುತ್ತಿದ್ದವು. ಇಂಥ ಕೆಲಸಕ್ಕೆ ಇಂದಿಗೂ ಅವನದೇ ಹೆಸರಿದೆ.

ಎಲೆಗಳ ನಕ್ಷೆ ಆರಿಸುವಾಗ ಕಡ್ಡಿ ಕಡ್ಡಿ ಇರುವ ಜಾಗಗಳನ್ನು ನೋಡಿ. ಎಳೆಯ ಗುಂಟ ಓಡುವ ಬಳ್ಳಿ 2 ಮಿ.ಮೀ. ಇದ್ದರೂ ಬದುಕುತ್ತದೆ, ಎಳೆಗೆ ಅಡ್ಡ ಓಡುವ ಕಾಂಡಕ್ಕೆ 3 ಮಿ.ಮೀ. ಆದರೂ ಬೇಕು. ಎಲ್ಲ ತೂತುಗಳನ್ನೂ ಮೊದಲೇ ಕೊರೆದು, ಹಲಗೆಯ ಅಡಿಯ ಸಿಬಿರುಗಳನ್ನು ಉಜ್ಜಿ ತೆಗೆಯಿರಿ, ಇಲ್ಲವಾದರೆ ಹಲಗೆ ಟೇಬಲ್ಲಿನ ಮೇಲೆ ತಡವರಿಸುತ್ತದೆ. ಕೊಯ್ಯುವುದು ನಡುವಿನ ಸಣ್ಣ ಕಂಡಿಗಳಿಂದ ಶುರು, ದೊಡ್ಡ ಕಂಡಿಗಳು ಆಮೇಲೆ. ದೊಡ್ಡದನ್ನು ಮೊದಲು ತೆಗೆದರೆ ಸಣ್ಣದನ್ನು ಕೊಯ್ಯುವ ಹೊತ್ತಿಗೆ ಸುತ್ತ ಆಧಾರವೇ ಇರುವುದಿಲ್ಲ. ಎಲೆಯ ಚೂಪು ತುದಿಯಲ್ಲಿ ತಿರುಗಿಸಲು ಹೋಗಬೇಡಿ. ಒಂದು ಬದಿಯಿಂದ ತುದಿಯವರೆಗೆ ಕೊಯ್ದು, ಅದೇ ದಾರಿಯಲ್ಲಿ ಹಿಂದೆ ಬಂದು, ಇನ್ನೊಂದು ಬದಿಯಿಂದ ಬಂದು ಕೂಡಿಸಿ. ತುದಿ ಸೂಜಿಯಂತೆ ಬರುತ್ತದೆ. ಇಷ್ಟೆಲ್ಲ ಆಗಿಯೂ ಎಲೆ ಮುರಿದರೆ ತುಂಡನ್ನು ಎತ್ತಿಟ್ಟುಕೊಳ್ಳಿ. ಮುಚ್ಚಳದ ಮೇಲೆ ಅಂಟಿಸುವಾಗ ಅದರ ಜಾಗಕ್ಕೇ ಕೂರಿಸಿದರೆ ಬಿರುಕು ಹುಡುಕಿದರೂ ಸಿಗದು.

ಜಾಲರಿಯನ್ನು ಮುಚ್ಚಳದ ಹಲಗೆಗೆ ಅಂಟಿಸುವಾಗ ಅಂಟು ಕಂಡಿಗಳಲ್ಲಿ ಉಕ್ಕಬಾರದು. ಒಂದು ಗಾಜಿನ ಮೇಲೆ ಅಂಟನ್ನು ರೋಲರಿನಿಂದ ತೆಳುವಾಗಿ ಹರಡಿ, ಜಾಲರಿಯನ್ನು ಅದರ ಮೇಲೆ ಮೆಲ್ಲಗೆ ಒತ್ತಿ ಎತ್ತಿ. ಮೊಹರಿಗೆ ಶಾಯಿ ಹಿಡಿದ ಹಾಗೆ ಬೇಕಾದಷ್ಟೇ ಹಿಡಿಯುತ್ತದೆ. ಜಾಲರಿ ಅಂಟುವ ಮೊದಲೇ ಕೆಳಗಿನ ಮುಚ್ಚಳವನ್ನು ಉಜ್ಜಿ ನುಣ್ಣಗೆ ಮಾಡಿರಬೇಕು ಎಂದು ಬೇರೆ ಹೇಳಬೇಕಿಲ್ಲವಷ್ಟೆ.

ಒಳಬಿಲ್ಲೆಯನ್ನು ಮುಚ್ಚಳಕ್ಕೆ ಸೇರಿಸುವಾಗಲೂ ಅಳತೆಪಟ್ಟಿ ಬೇಡ, ಡಬ್ಬಿಯೇ ಜಾಗ ತೋರಿಸುತ್ತದೆ. ಬಿಲ್ಲೆಯನ್ನು ಡಬ್ಬಿಯೊಳಗೆ ಇಳಿಸಿ, ಕೆಳಗೆ ರಟ್ಟು ಪೇರಿಸಿ, ಅದು ಗೋಡೆಯ ಮಟ್ಟಕ್ಕಿಂತ ಅರ್ಧ ಮಿ.ಮೀ. ಮೇಲೆ ನಿಲ್ಲುವಂತೆ ಮಾಡಿ. ಸುತ್ತಲಿನ ಸಂದಿಗೆ ನಾಲ್ಕು ಕಡೆ ಹಾಳೆಯ ಚೂರು ಸಿಕ್ಕಿಸಿ ನಡುವಿಗೆ ತನ್ನಿ. ಗೋಡೆಯ ಮೇಲೆ ಟೇಪು ಹಚ್ಚಿ, ಅಂಟು ಹರಿದರೂ ಅಲ್ಲಿ ಹಿಡಿಯಬಾರದು. ಬಿಲ್ಲೆಯ ನಡುವೆ ಮಾತ್ರ ಅಂಟು ಹಾಕಿ ಮುಚ್ಚಳದ ಹಲಗೆಯನ್ನು ಅಂಚಿಗೆ ಅಂಚು ಹೊಂದಿಸಿ ಮೇಲಿಡಿ, ಭಾರ ಹೇರಿ. ಒಂದು ಗಂಟೆಯ ನಂತರ ಎತ್ತಿದರೆ ಬಿಲ್ಲೆ ತನ್ನ ಜಾಗದಲ್ಲಿ ಅಂಟಿಕೊಂಡು ಬರುತ್ತದೆ. ಆಮೇಲೆ ಕ್ಲಾಂಪ್ ಹಾಕಿ ಒಣಗಿಸಿ.

ಕೊನೆಯ ಕೊಯ್ತ. ಗೋಡೆಯ ಮೇಲಿನ ಟೇಪು ಕಿತ್ತು, ಮುಚ್ಚಳ ಹಾಕಿ, ಆಯತದ ನಾಲ್ಕು ಮೂಲೆಗಳಲ್ಲಿ ಎರಡು ಮುಖದ ಟೇಪಿನಿಂದ ಮುಚ್ಚಳವನ್ನು ಗೋಡೆಗೆ ಹಿಡಿಸಿ. ಹೊರಗೆರೆಯ ಒಳಗೂ ಒಂದೆರಡು ಸಣ್ಣ ಚೂರು ಇರಲಿ, ಇಲ್ಲದಿದ್ದರೆ ಮೂಲೆಗಳು ಕತ್ತರಿಸಿ ಹೋದ ಮೇಲೆ ಮುಚ್ಚಳ ಅಲುಗುತ್ತದೆ. ಹೊರಗೆರೆಯ ನಕ್ಷೆಯನ್ನು ಮುಚ್ಚಳದ ಮೇಲೆ ಅಂಟಿಸಿ, ಒಳಗಿನ ಗುಂಡಿಗೆ ಸರಿಯಾಗಿ ನಡುವೆ ಬಂದಿದೆಯೇ ಎಂದು ಎರಡು ಸಲ ಅಳೆದು ನೋಡಿ. 9ನೇ ನಂಬರಿನ ಹೊಸ ಬ್ಲೇಡು ಹಾಕಿ, 37 ಮಿ.ಮೀ. ಪೂರ್ತಿ ದಪ್ಪವನ್ನು ಗೆರೆಯಿಂದ 1 ಮಿ.ಮೀ. ಹೊರಗೆ ನಿಧಾನವಾಗಿ ಕೊಯ್ಯಿರಿ. ಇಲ್ಲಿ ಒಂದು ಡಿಗ್ರಿ ಓರೆಯಾದರೂ ತಳ, ಗೋಡೆ, ಮುಚ್ಚಳ ಮೂರೂ ಒಟ್ಟಿಗೆ ಓರೆಯಾಗುವುದರಿಂದ ಎಲ್ಲಿಯೂ ಮೆಟ್ಟಿಲು ಕಾಣುವುದಿಲ್ಲ. ಉಜ್ಜಿ ಗೆರೆಗೆ ತಂದ ಮೇಲೆ ಸುತ್ತ ಬೆರಳಾಡಿಸಿದರೆ ಮುಚ್ಚಳದ ಸಂದಿ ಬೆರಳಿಗೆ ತಿಳಿಯಲೇಬಾರದು. ತೆಳುವಾದ ಚಾಕು ತೂರಿಸಿ ಟೇಪು ಬಿಡಿಸಿ.

ಪಾಲಿಶ್ ಬಗ್ಗೆ ಒಂದೇ ಮಾತು ಒತ್ತಿ ಹೇಳಬೇಕು: ಡಬ್ಬಿಯ ಒಳಗೆ ಅಗಸೆ ಎಣ್ಣೆಯಂಥ ಯಾವ ಎಣ್ಣೆಯನ್ನೂ ಹಚ್ಚಬೇಡಿ. ಮುಚ್ಚಿದ ಜಾಗದಲ್ಲಿ ಗಾಳಿಯಾಡದೆ ಅದರ ಕಮಟು ವಾಸನೆ ತಿಂಗಳುಗಟ್ಟಲೆ ಉಳಿಯುತ್ತದೆ. ಒಳಗೆ ಅರಗಿನಿಂದ ಮಾಡಿದ ಷೆಲ್ಯಾಕ್‌ನ ಎರಡು ತೆಳು ಕೋಟ್ ಸಾಕು. ಹೊರಗೆ ಎಣ್ಣೆ ಹಚ್ಚಬಹುದು, ಮರದ ಬಣ್ಣ ಅದರಲ್ಲಿ ಬಹಳ ಚೆನ್ನಾಗಿ ಏಳುತ್ತದೆ. ಜಾಲರಿಯ ಸಂದಿಗಳಲ್ಲಿ ನಿಂತ ಎಣ್ಣೆಯನ್ನು ಒಣ ಬ್ರಷ್ಷಿನಿಂದ ಎತ್ತಿ ತೆಗೆಯಿರಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆಯಬೇಡಿ, ಎಣ್ಣೆ ಒಣಗುವಾಗ ಹುಟ್ಟುವ ಬಿಸಿಯಿಂದ ಅದು ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಬಯಲಲ್ಲಿ ಅಗಲವಾಗಿ ಹರಡಿ ಒಣಗಿಸಿ ಆಮೇಲೆ ಬಿಸಾಡಿ.

ಹಿಂಜ್ ಬಗ್ಗೆ ಕೇಳಿದ್ದಿರಿ. ಹಾಕಬೇಡಿ. ಹಿಂಜಿಗೆ ನೇರವಾದ ಅಂಚು ಬೇಕು, ಮೊಟ್ಟೆಯಾಕಾರದಲ್ಲಿ ಅದು ಇಲ್ಲ. ಜೊತೆಗೆ 7 ಮಿ.ಮೀ. ಗೋಡೆಗೆ ಸ್ಕ್ರೂ ಬಿಗಿಯಲು ಹೋದರೆ ಸೀಳುತ್ತದೆ. ಮುಚ್ಚಳ ಕೈಜಾರಿ ಬೇರೆಯಾಗಬಾರದು ಎಂಬುದೇ ನಿಮ್ಮ ಆಸೆಯಾದರೆ ಇನ್ನೊಂದು ದಾರಿ ಇದೆ. ನಕ್ಷೆ ಬರೆಯುವಾಗಲೇ ಮೊಟ್ಟೆಯ ಒಂದು ತುದಿಯಲ್ಲಿ ಗೋಡೆಯನ್ನು 14 ಮಿ.ಮೀ. ದಪ್ಪ ಬಿಡಿ. ಹೊರಗಿನ ಆಕಾರವನ್ನು ಕೊಯ್ದಾದ ಮೇಲೆ, ಮುಚ್ಚಳ ಟೇಪಿನಲ್ಲಿ ಹಿಡಿದಿರುವಾಗಲೇ, ಆ ದಪ್ಪ ಭಾಗದಲ್ಲಿ ಮುಚ್ಚಳದ ಮೂಲಕ ಗೋಡೆಯೊಳಗೆ 15 ಮಿ.ಮೀ. ಆಳಕ್ಕೆ 3 ಮಿ.ಮೀ. ತೂತು ಕೊರೆಯಿರಿ. ಮುಚ್ಚಳದ ತೂತನ್ನು ಮಾತ್ರ ಒಂದು ಕೂದಲೆಳೆ ಹಿಗ್ಗಿಸಿ, ಗೋಡೆಯ ತೂತಿಗೆ ಒಂದು ಹನಿ ಅಂಟು ಹಾಕಿ 3 ಮಿ.ಮೀ. ಹಿತ್ತಾಳೆ ಸರಳನ್ನು ಇಳಿಸಿ. ಸರಳಿನ ಮೇಲ್ತುದಿಯನ್ನು ಸ್ವಲ್ಪ ತಟ್ಟಿ ಅಗಲ ಮಾಡಿದರೆ ಮುಚ್ಚಳ ಮೇಲೆದ್ದು ಬರುವುದಿಲ್ಲ, ಪಕ್ಕಕ್ಕೆ ತಿರುಗಿ ತೆರೆದುಕೊಳ್ಳುತ್ತದೆ. ಈ ಥರ ಮಾಡಿದರೆ ಒಳಬಿಲ್ಲೆ ಅಂಟಿಸಬಾರದು, ಅದು ತಿರುಗುವುದಕ್ಕೇ ಅಡ್ಡಿ. ಹಾಗಾಗಿ ಯಾವ ಮುಚ್ಚಳ ಬೇಕೆಂದು ಮೊದಲ ತೂತು ಕೊರೆಯುವ ಮುಂಚೆಯೇ ತೀರ್ಮಾನಿಸಿಕೊಳ್ಳಿ.